ಪ್ರೇಕ್ಷಕರನ್ನು ಬೆಳೆಸಿದ ಸುಬ್ಬಣ್ಣ



ಒಂದು ನಾಟಕ ಈಗಷ್ಟೇ ಮುಗಿದಿದೆ ಎಂದುಕೊಳ್ಳಿ. ರಂಗದ ದೀಪ ಆರಿದೆ. ಒಳಗೆ ನಟರು ಬಣ್ಣ ಒರೆಸಿಕೊಳ್ಳುತ್ತಿದ್ದಾರೆ. ನಮ್ಮ ಗಮನವೆಲ್ಲ ಸಾಮಾನ್ಯವಾಗಿ ಅವರ ಕಡೆಗೇ ಇರುತ್ತದೆ. ಯಾರು ಚೆನ್ನಾಗಿ ಮಾಡಿದರು, ಯಾರು ಚೆನ್ನಾಗಿ ಹಾಡಿದರು ಎಂದು ಕೇಳುತ್ತೇವೆ. ಅದೇ ಹೊತ್ತಿಗೆ ಇನ್ನೊಂದು ಗುಂಪು ಟಾರ್ಚು ಹಿಡಿದು, ಮಾತಾಡಿಕೊಳ್ಳುತ್ತ, ಮನೆಯ ದಾರಿ ಹಿಡಿದಿರುತ್ತದೆ. ಅದು ನೋಡಿದವರ ಗುಂಪು. ಅವರ ಆ ಮಾತು ಎಷ್ಟು ದಿನ ನಡೆಯುತ್ತದೆ? ನೋಡಿದ ನಾಟಕ ಅವರ ಮನೆಯೊಳಗೆ ಎಷ್ಟು ದೂರ ಹೋಗುತ್ತದೆ? ಈ ಪ್ರಶ್ನೆಯ ಬೆನ್ನು ಹತ್ತಿ ಅರ್ಧ ಶತಮಾನಕ್ಕೂ ಮಿಕ್ಕಿ ದುಡಿದವರೊಬ್ಬರು ನಮ್ಮ ನಾಡಿನಲ್ಲಿದ್ದರು. ಅವರು ಹೆಗ್ಗೋಡಿನ ಕೆ.ವಿ. ಸುಬ್ಬಣ್ಣ.

ಸುಬ್ಬಣ್ಣನವರು ನಾಟಕ ಬರೆದರು, ಅನುವಾದಿಸಿದರು, ಆಡಿಸಿದರು. ಪುಸ್ತಕ ಪ್ರಕಟಿಸಿದರು. ಸಿನಿಮಾ ತೋರಿಸಿದರು. ಶಾಲೆ ಕಟ್ಟಿದರು. ಇಷ್ಟೆಲ್ಲ ಕೆಲಸಗಳನ್ನು ಪಟ್ಟಿ ಮಾಡಿದರೆ ಒಬ್ಬ ಮನುಷ್ಯ ಹತ್ತು ಕಡೆ ಹಂಚಿಹೋದಂತೆ ಕಾಣಬಹುದು. ನನಗೆ ಹಾಗೆ ಕಾಣುವುದಿಲ್ಲ. ಈ ಎಲ್ಲ ಕೆಲಸಗಳ ಹಿಂದೆ ಇದ್ದುದು ಒಂದೇ ಹಂಬಲ. ಹಳ್ಳಿಯಲ್ಲಿ ಕೂತು ನೋಡುವ ಮನುಷ್ಯನಿಗೆ ಜಗತ್ತಿನ ಅತ್ಯುತ್ತಮವಾದದ್ದು ಸಿಗಬೇಕು. ಅದನ್ನು ತೂಗಿ ನೋಡುವ ಶಕ್ತಿ ಅವನಲ್ಲಿ ಬೆಳೆಯಬೇಕು. ಇವತ್ತಿನ ಈ ಮಾತುಕತೆಯಲ್ಲಿ ಆ ಒಂದು ಹಂಬಲದ ಜಾಡನ್ನಷ್ಟೇ ಹಿಡಿದು ಹೋಗೋಣ.

ಮೊದಲು ಊರಿನ ಪರಿಚಯ ಮಾಡಿಕೊಳ್ಳೋಣ. ಹೆಗ್ಗೋಡು ಇರುವುದು ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನಲ್ಲಿ. ಸಾಗರ ಪೇಟೆಯಿಂದ ಕೆಲವೇ ಕಿಲೋಮೀಟರ್ ದೂರ. ಸುತ್ತ ಅಡಿಕೆ ತೋಟ, ಗದ್ದೆ, ಕಾಡು. ಮನೆಗಳು ಒಂದಕ್ಕೊಂದು ಅಂಟಿಕೊಂಡಿಲ್ಲ. ತೋಟದ ತಲೆಯಲ್ಲೊಂದು, ಗುಡ್ಡದ ಬುಡದಲ್ಲೊಂದು. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಮಳೆ. ಮಳೆ ಕಳೆದರೆ ಅಡಿಕೆ ಕೊಯ್ಲು. ರಾತ್ರಿ ಸಾಲಾಗಿ ಕೂತು ಅಡಿಕೆ ಸುಲಿಯುವ ಕೆಲಸ. ಕೈ ಕತ್ತಿಯ ಮೇಲೆ ಆಡುತ್ತಿದ್ದರೂ ಕಿವಿ ಬಿಡುವಾಗಿಯೇ ಇರುತ್ತದೆ. ಹಾಗಾಗಿ ಅಡಿಕೆ ಸುಲಿಯುವಲ್ಲಿ ಯಾವಾಗಲೂ ಕಥೆ ಇರುತ್ತದೆ, ಹಾಡು ಇರುತ್ತದೆ, ನಿನ್ನೆ ನೋಡಿದ ಯಕ್ಷಗಾನದ ವಿಮರ್ಶೆ ಇರುತ್ತದೆ. ಇದನ್ನು ನೆನಪಿನಲ್ಲಿಡಿ. ಕೇಳುವ, ನೋಡುವ, ಅದರ ಬಗ್ಗೆ ವಾದ ಮಾಡುವ ಅಭ್ಯಾಸ ಆ ಸೀಮೆಗೆ ಹೊಸದಲ್ಲ. ಸುಬ್ಬಣ್ಣನವರು ಬೀಜ ಹಾಕಿದ್ದು ಹದವಾದ ನೆಲದಲ್ಲೇ.

ಅವರು ಹುಟ್ಟಿದ್ದು 1932ರಲ್ಲಿ, ಅಡಿಕೆ ಬೆಳೆಗಾರರ ಮನೆತನದಲ್ಲಿ. 1949ರಲ್ಲಿ ಹೆಗ್ಗೋಡಿನ ಹಿರಿಯರು ಕಿರಿಯರು ಕೂಡಿ ಒಂದು ಸಂಘ ಕಟ್ಟಿದರು. ಊರ ದೇವರಾದ ನೀಲಕಂಠೇಶ್ವರನ ಹೆಸರಿನಲ್ಲಿ, ನೀಲಕಂಠೇಶ್ವರ ನಾಟ್ಯಸೇವಾ ಸಂಘ. ಉದ್ದದ ಈ ಹೆಸರು ಬಾಯಿಂದ ಬಾಯಿಗೆ ಹೋಗುತ್ತ ನೀನಾಸಂ ಆಯಿತು. ಆಗ ಸುಬ್ಬಣ್ಣನವರಿಗೆ ಹದಿನೇಳು ವರ್ಷ. ಸ್ವಾತಂತ್ರ್ಯ ಬಂದು ಎರಡು ವರ್ಷವಾಗಿತ್ತು. ಊರೂರಿನಲ್ಲಿ ಹೀಗೆ ಸಂಘಗಳು ಹುಟ್ಟುತ್ತಿದ್ದವು. ಎಷ್ಟೋ ಸಂಘಗಳು ಒಂದೆರಡು ನಾಟಕ ಆಡಿ, ಪರದೆ ಮಡಿಸಿಟ್ಟು, ಮರೆತುಹೋದವು. ಇದು ಉಳಿಯಿತು.

ಸುಬ್ಬಣ್ಣನವರು ಓದಲು ಮೈಸೂರಿಗೆ ಹೋದರು. ಮಹಾರಾಜ ಕಾಲೇಜು. ಅಲ್ಲಿ ಅವರಿಗೆ ಕುವೆಂಪು ಅವರಂಥ ಗುರುಗಳು ಸಿಕ್ಕರು. ಪದವಿ ಪಡೆದ ಹುಡುಗನಿಗೆ ಆ ಕಾಲದಲ್ಲಿ ಕೆಲಸಕ್ಕೆ ಬರವಿರಲಿಲ್ಲ. ಪೇಟೆಯಲ್ಲಿ ಮೇಷ್ಟರಾಗಬಹುದಿತ್ತು, ಅಧಿಕಾರಿಯಾಗಬಹುದಿತ್ತು. ಅವರು ಹೆಗ್ಗೋಡಿಗೇ ಮರಳಿದರು. ತೋಟ ನೋಡಿಕೊಂಡರು. ಸಂಘದ ಕೆಲಸಕ್ಕೆ ಕೈ ಹಾಕಿದರು. ಬದುಕಿನ ಕೊನೆಯವರೆಗೂ ಅಲ್ಲೇ ಇದ್ದರು.

ಆ ಕಾಲದ ಸಾಗರ ಸೀಮೆಯ ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. 1951ರಲ್ಲಿ ಅಲ್ಲಿಯ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹ ನಡೆಯಿತು. ಜಗಳ ಶುರುವಾದದ್ದು ಕೊಳಗದಿಂದ. ಕೊಳಗ ಎಂದರೆ ಭತ್ತ ಅಳೆಯುವ ಮಾನ. ಗೇಣಿ ಅಳೆಯುವಾಗ ಒಡೆಯರ ಕೊಳಗ ದೊಡ್ಡದು. ಬೆವರು ಸುರಿಸಿದವನ ಭತ್ತವನ್ನು ಯಾರ ಕೊಳಗದಲ್ಲಿ ಅಳೆಯಬೇಕು ಎಂಬುದೇ ಪ್ರಶ್ನೆ. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರು ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಸಮಾಜವಾದದ ಗಾಳಿ ಆ ಸೀಮೆಯ ಯುವಕರನ್ನೆಲ್ಲ ತಟ್ಟಿತು. ಸುಬ್ಬಣ್ಣನವರ ವಿಚಾರದಲ್ಲೂ ಗಾಂಧಿ, ಲೋಹಿಯಾ ಇಬ್ಬರೂ ಬೇರೂರಿದ್ದರು. ಕಾಗೋಡಿನ ರೈತರು ಭತ್ತದ ವಿಷಯದಲ್ಲಿ ಕೇಳಿದ ಪ್ರಶ್ನೆಯನ್ನೇ ಸುಬ್ಬಣ್ಣನವರು ಕಲೆಯ ವಿಷಯದಲ್ಲಿ ಕೇಳಿದರು ಎಂದು ನನಗೆ ಅನ್ನಿಸುತ್ತದೆ. ಒಳ್ಳೆಯ ನಾಟಕ ಯಾವುದು, ಒಳ್ಳೆಯ ಸಿನಿಮಾ ಯಾವುದು ಎಂದು ಅಳೆಯುವ ಕೊಳಗ ಯಾರ ಕೈಯಲ್ಲಿರಬೇಕು? ಮಹಾನಗರದಲ್ಲಿ ಕೂತ ಕೆಲವರ ಕೈಯಲ್ಲೇ? ಗದ್ದೆ ಉತ್ತು ಬಂದು, ಕೈಕಾಲು ತೊಳೆದು, ನಾಟಕಕ್ಕೆ ಬಂದು ಕೂತವನ ಕೈಯಲ್ಲಿ ಏಕೆ ಇರಬಾರದು?

ಕೇಳುಗರೇ, ಇಲ್ಲಿಯವರೆಗೆ ಊರು ಕಂಡೆವು, ಸಂಘ ಕಂಡೆವು, ಊರಿಗೆ ಮರಳಿದ ಯುವಕನನ್ನು ಕಂಡೆವು. ಆ ಯುವಕನ ಮನಸ್ಸಿನಲ್ಲಿದ್ದ ಪ್ರಶ್ನೆಯನ್ನೂ ಕೇಳಿದೆವು. ಇನ್ನು ಅವರು ಮಾಡಿದ ಕೆಲಸಕ್ಕೆ ಬರೋಣ. ಮೊದಲನೆಯದು ಪುಸ್ತಕ.

ನೋಡುಗರು ಬೆಳೆಯಬೇಕಾದರೆ ಅವರ ಭಾಷೆಯಲ್ಲಿ ಓದಲು ಸಿಗಬೇಕು. ಐವತ್ತರ ದಶಕದ ಕೊನೆಯಲ್ಲಿ ಸುಬ್ಬಣ್ಣನವರು ಅಕ್ಷರ ಪ್ರಕಾಶನ ಶುರುಮಾಡಿದರು. ಒಂದು ಹಳ್ಳಿಯಿಂದ ಪುಸ್ತಕ ಪ್ರಕಟಿಸುವುದು ಎಂದರೆ ಅಚ್ಚಿಗಾಗಿ, ಕಾಗದಕ್ಕಾಗಿ, ಮಾರಾಟಕ್ಕಾಗಿ ಓಡಾಟ. ಆದರೂ ಅಕ್ಷರ ಪ್ರಕಾಶನದಿಂದ ನೂರಾರು ಪುಸ್ತಕಗಳು ಬಂದವು. ಕವಿ ಗೋಪಾಲಕೃಷ್ಣ ಅಡಿಗರು ಸಂಪಾದಿಸುತ್ತಿದ್ದ 'ಸಾಕ್ಷಿ' ಪತ್ರಿಕೆಗೂ ಈ ಪ್ರಕಾಶನದ ಆಸರೆ ಇತ್ತು. ಕನ್ನಡ ನವ್ಯ ಸಾಹಿತ್ಯದ ದೊಡ್ಡ ಚರ್ಚೆಗಳ ಒಂದು ಎಳೆ ಹೀಗೆ ಹೆಗ್ಗೋಡಿನ ಮೂಲಕ ಹಾದುಹೋಯಿತು.

ಸುಬ್ಬಣ್ಣನವರು ತಾವೇ ಅನುವಾದಕ್ಕೂ ಕೂತರು. ರಷ್ಯಾದ ಗೊಗೊಲ್ ಬರೆದ ಒಂದು ಪ್ರಸಿದ್ಧ ನಾಟಕವಿದೆ. ಒಂದು ಸಣ್ಣ ಪೇಟೆಗೆ ಮೇಲಧಿಕಾರಿ ಬರುತ್ತಾನೆಂಬ ಸುದ್ದಿ ಬರುತ್ತದೆ. ತಪ್ಪು ಮಾಡಿದವರೆಲ್ಲ ಗಡಗಡ ನಡುಗುತ್ತಾರೆ. ಯಾರೋ ದಾರಿಹೋಕನನ್ನೇ ಅಧಿಕಾರಿ ಎಂದು ತಿಳಿದು ಉಪಚಾರ ಮಾಡುತ್ತಾರೆ. ಸುಬ್ಬಣ್ಣನವರು ಅದನ್ನು 'ಸಾಹೇಬರು ಬರುತ್ತಾರೆ' ಎಂದು ಕನ್ನಡಕ್ಕೆ ತಂದರು. ಈ ಹೆಸರನ್ನೊಮ್ಮೆ ಬಾಯಲ್ಲಿ ಹೇಳಿ ನೋಡಿ. ತಾಲ್ಲೂಕು ಕಚೇರಿಯ ಜಗಲಿಯಲ್ಲಿ ಕಾದು ನಿಂತ ಯಾವ ರೈತನಿಗೂ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಜರ್ಮನಿಯ ನಾಟಕಕಾರ ಬ್ರೆಕ್ಟ್ ಕೂಡ ಹೀಗೇ ಅವರ ಲೇಖನಿಯಿಂದ ಕನ್ನಡಕ್ಕೆ ಬಂದ. ಕಾಳಿದಾಸನ ಶಾಕುಂತಲ 'ಲೋಕ ಶಾಕುಂತಲ'ವಾಯಿತು. ದೂರದ್ದು ಹತ್ತಿರ ಬಂದಿತು. ಹತ್ತಿರದ್ದು ಹೊಸದಾಗಿ ಕಂಡಿತು. ಹಳ್ಳಿಯವರಿಗೆ ಇಷ್ಟು ಸಾಕು ಎಂದು ಯಾವುದನ್ನೂ ತೆಳ್ಳಗೆ ಮಾಡಿ ಬಡಿಸಬಾರದು ಎಂಬುದು ಅವರ ಹಟ.

ಪುಸ್ತಕದ ಮಾತಾಯಿತು. ಆದರೆ ಓದು ಬಾರದವರೂ ಇದ್ದಾರೆ. ಅವರಿಗೂ ಕಣ್ಣಿದೆ, ಕಿವಿಯಿದೆ. ಹಾಗಾಗಿ ಎರಡನೆಯ ಕೆಲಸ ಸಿನಿಮಾ.

1973ರಲ್ಲಿ ನೀನಾಸಂ ಚಿತ್ರಸಮಾಜ ಹುಟ್ಟಿತು. ಚಿತ್ರಸಮಾಜ ಎಂದರೆ ಒಳ್ಳೆಯ ಸಿನಿಮಾಗಳನ್ನು ತರಿಸಿ, ಸದಸ್ಯರಿಗೆ ತೋರಿಸಿ, ಚರ್ಚೆ ಮಾಡುವ ಕೂಟ. ಇಂಥ ಕೂಟಗಳು ಕಲ್ಕತ್ತೆಯಲ್ಲಿದ್ದವು, ಮುಂಬಯಿಯಲ್ಲಿದ್ದವು, ಬೆಂಗಳೂರಿನಲ್ಲಿದ್ದವು. ಹಳ್ಳಿಯಲ್ಲಿ ಕಟ್ಟಬಹುದೆಂದು ಯೋಚಿಸಿದವರು ಬಹಳ ಕಡಿಮೆ. ಸಿನಿಮಾದ ರೀಲುಗಳು ಡಬ್ಬಿಗಳಲ್ಲಿ ತುಂಬಿ ದೂರದಿಂದ ಬರಬೇಕು. ಪ್ರೊಜೆಕ್ಟರ್ ಬೇಕು. ಕರೆಂಟು ಕೈಕೊಡಬಾರದು. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದ ಪಿ.ಕೆ. ನಾಯರ್ ಅವರು ಹೆಗ್ಗೋಡಿಗೆ ಚಿತ್ರಗಳನ್ನು ಕಳಿಸಿಕೊಟ್ಟರು. ಪುಣೆಯ ಚಲನಚಿತ್ರ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಸತೀಶ್ ಬಹದ್ದೂರ್ ಅವರು ತಾವೇ ಬಂದು ಸಿನಿಮಾ ನೋಡುವ ಬಗೆಯನ್ನು ಕಲಿಸಿದರು.

ಹೀಗೆ ಜಪಾನಿನ ಕುರೊಸಾವಾ ತನ್ನ ಸಿನಿಮಾಗಳ ಮೂಲಕ ಹೆಗ್ಗೋಡಿಗೆ ಬಂದ. ಇಟಲಿಯ ಡಿ ಸಿಕಾ ಬಂದ. ಬಂಗಾಳದ ಸತ್ಯಜಿತ್ ರಾಯ್ ಬಂದರು. ಆ ಭಾಷೆಗಳು ಊರಿನವರಿಗೆ ಗೊತ್ತಿರಲಿಲ್ಲ. ಪರದೆಯ ಕೆಳಗೆ ಬರುವ ಇಂಗ್ಲಿಷ್ ಸಾಲೂ ಬಹಳ ಜನಕ್ಕೆ ಓದಲು ಬರುತ್ತಿರಲಿಲ್ಲ. ಕನ್ನಡದಲ್ಲಿ ಮೊದಲೇ ನಾಲ್ಕು ಮಾತು ವಿವರಿಸಿದರೆ ಉಳಿದದ್ದನ್ನು ಚಿತ್ರವೇ ಹೇಳುತ್ತದೆ. ಡಿ ಸಿಕಾನ ಒಂದು ಚಿತ್ರದಲ್ಲಿ ಒಬ್ಬ ಬಡ ತಂದೆಯ ಸೈಕಲ್ ಕಳುವಾಗುತ್ತದೆ. ಸೈಕಲ್ ಇಲ್ಲದೆ ಅವನಿಗೆ ಕೆಲಸವಿಲ್ಲ. ಚಿಕ್ಕ ಮಗನನ್ನು ಕರೆದುಕೊಂಡು ಊರೆಲ್ಲ ಹುಡುಕುತ್ತಾನೆ. ಈ ದುಃಖ ಅರ್ಥವಾಗಲು ಇಟಾಲಿಯನ್ ಭಾಷೆ ಬೇಕೇ? ಸೈಕಲ್ಲನ್ನೇ ನಂಬಿದ ಮನೆಗಳು ನಮ್ಮ ಊರುಗಳಲ್ಲಿ ಎಷ್ಟಿರಲಿಲ್ಲ?

ಪಿ.ಕೆ. ನಾಯರ್ ಅವರ ಬದುಕನ್ನು ಕುರಿತು 2012ರಲ್ಲಿ 'ಸೆಲ್ಯುಲಾಯ್ಡ್ ಮ್ಯಾನ್' ಎಂಬ ಸಾಕ್ಷ್ಯಚಿತ್ರ ಬಂತು. ಅದರಲ್ಲಿ ಹೆಗ್ಗೋಡಿನ ಕಡೆಯ ಸಾಮಾನ್ಯ ಜನ ಮಾತಾಡಿದ್ದಾರೆ. ದಶಕಗಳ ಹಿಂದೆ ನೋಡಿದ ಜಗತ್ತಿನ ಚಿತ್ರಗಳನ್ನು ಅವರು ತಮ್ಮ ಮನೆಯ ಸಂಗತಿಯಂತೆ ನೆನೆಯುತ್ತಾರೆ. ಆರಂಭದಲ್ಲಿ ನಾನು ಕೇಳಿದ ಪ್ರಶ್ನೆಗೆ, ನೋಡಿದ್ದು ಮನೆಯೊಳಗೆ ಎಷ್ಟು ದೂರ ಹೋಗುತ್ತದೆ ಎಂಬ ಪ್ರಶ್ನೆಗೆ, ಇದು ಒಂದು ಉತ್ತರ.

ಪುಸ್ತಕವಾಯಿತು, ಸಿನಿಮಾ ಆಯಿತು. ಈ ಎರಡೂ ಹೊರಗಿನಿಂದ ಊರಿಗೆ ತರುವ ಕೆಲಸ. ಊರಿನಲ್ಲೇ ಹುಟ್ಟಬೇಕಾದ ಒಂದು ಕಲೆ ಇದೆ. ಅದು ನಾಟಕ. ಈಗ ಮೂರನೆಯ ಕೆಲಸಕ್ಕೆ, ರಂಗಭೂಮಿಗೆ ಬರೋಣ.

1972ರ ಹೊತ್ತಿಗೆ ಹೆಗ್ಗೋಡಿನಲ್ಲಿ ಒಂದು ರಂಗಮಂದಿರ ಎದ್ದು ನಿಂತಿತು. ಅದಕ್ಕೆ ಸಾಹಿತಿ ಶಿವರಾಮ ಕಾರಂತರ ಹೆಸರಿಟ್ಟರು. ಏಳುನೂರರಷ್ಟು ಜನ ಕೂತು ನೋಡಬಹುದಾದ ಮಂದಿರ. ಕೇಳುಗರೇ, ನಾಟಕ ಮುಗಿಸಿ ಹೊರಬಂದರೆ ಎದುರಿಗೆ ಮರಗಳ ಕತ್ತಲು, ಮಣ್ಣಿನ ವಾಸನೆ, ಜೀರುಂಡೆಯ ಸದ್ದು. ಪಟ್ಟಣದ ರಂಗಮಂದಿರದಿಂದ ಹೊರಬಂದವನನ್ನು ವಾಹನಗಳ ಗದ್ದಲ ಕೂಡಲೇ ಎಳೆದುಕೊಂಡುಬಿಡುತ್ತದೆ. ಇಲ್ಲಿ ಹಾಗಿಲ್ಲ. ನಾಟಕ ಮುಗಿದ ಮೇಲೂ ಮನಸ್ಸಿನಲ್ಲಿ ಅದು ಇನ್ನಷ್ಟು ಹೊತ್ತು ನಡೆಯುತ್ತಲೇ ಇರುತ್ತದೆ.

ಅದೇ ಎಪ್ಪತ್ತರ ದಶಕದಲ್ಲಿ ಕನ್ನಡದ ಆಧುನಿಕ ರಂಗಭೂಮಿಗೆ ಹೊಸ ಉಸಿರು ಬಂದಿತ್ತು. ನಿರ್ದೇಶಕ ಬಿ.ವಿ. ಕಾರಂತರು ಹಾಡು, ಕುಣಿತ, ಬಯಲಾಟದ ಬೆಡಗು ಎಲ್ಲವನ್ನೂ ರಂಗಕ್ಕೆ ತಂದಿದ್ದರು. ಅವರ ಒಡನಾಟ ಹೆಗ್ಗೋಡಿಗೂ ಸಿಕ್ಕಿತು. ಆದರೆ ಸುಬ್ಬಣ್ಣನವರಿಗೆ ಒಂದು ಚಿಂತೆ ಇತ್ತು. ದೊಡ್ಡ ನಿರ್ದೇಶಕರು ಬರುತ್ತಾರೆ, ಒಳ್ಳೆಯ ನಾಟಕ ಆಡಿಸುತ್ತಾರೆ, ಹೋಗುತ್ತಾರೆ. ಅವರು ಹೋದ ಮೇಲೆ? ಊರೂರಿನಲ್ಲಿ ನಾಟಕದ ಕಸುಬು ಬಲ್ಲವರು ಇರಬೇಡವೇ?

ಈ ಚಿಂತೆಗೆ ಉತ್ತರವಾಗಿ 1980ರಲ್ಲಿ ನೀನಾಸಂ ರಂಗಶಿಕ್ಷಣ ಕೇಂದ್ರ ಶುರುವಾಯಿತು. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು ಬಂದಿದ್ದ ಚಿದಂಬರರಾವ್ ಜಂಬೆ ಅವರು ಅದರ ಹೊಣೆ ಹೊತ್ತರು. ಹೆಚ್ಚುಕಡಿಮೆ ಒಂದು ವರ್ಷದ ಓದು. ಒಂದು ತಂಡದಲ್ಲಿ ಹದಿನೈದು ಇಪ್ಪತ್ತು ಮಂದಿ. ಕನ್ನಡದಲ್ಲೇ ಪಾಠ. ಬಡಗಿಯ ಮಗ, ಕೂಲಿಕಾರರ ಮಗಳು, ಮೇಳದಲ್ಲಿ ವೇಷ ಹಾಕಿದ ಹುಡುಗ, ಕಾಲೇಜು ಮುಗಿಸಿದವರು, ಎಲ್ಲರಿಗೂ ಒಂದೇ ಚಾಪೆ.

ಅಲ್ಲಿ ಏನು ಕಲಿಸುತ್ತಾರೆ? ಅಭಿನಯ ಕಲಿಸುತ್ತಾರೆ. ಮಾತಿನ ಉಸಿರು, ಮೈಯ ಹದ ಕಲಿಸುತ್ತಾರೆ. ಜೊತೆಗೆ ಮೊಳೆ ಹೊಡೆಯುವುದು, ಬಟ್ಟೆ ಹೊಲಿಯುವುದು, ಬಣ್ಣ ಬಳಿಯುವುದು, ದೀಪ ಕಟ್ಟುವುದು. ರಾಜನ ಪಾತ್ರ ಮಾಡುವವನು ತನ್ನ ಸಿಂಹಾಸನಕ್ಕೆ ತಾನೇ ರಟ್ಟು ಕತ್ತರಿಸಬೇಕು. ಇದರ ಹಿಂದೆ ಒಂದು ವಿಚಾರವಿದೆ. ಇಲ್ಲಿ ಕಲಿತವರು ನಾಳೆ ತಮ್ಮ ಊರಿಗೆ ಹೋಗುತ್ತಾರೆ. ಅಲ್ಲಿ ದೀಪದವನು ಬೇರೆ, ಬಡಗಿ ಬೇರೆ ಎಂದು ಸಿಗುವುದಿಲ್ಲ. ಎಲ್ಲವನ್ನೂ ಬಲ್ಲವನೊಬ್ಬ ಇದ್ದರೆ ಒಂದು ಶಾಲೆಯ ಅಂಗಳದಲ್ಲಿ, ಹದಿನೈದು ಮಕ್ಕಳ ಜೊತೆ, ನಾಟಕ ಎದ್ದು ನಿಲ್ಲುತ್ತದೆ.

ಹಾಗೇ ಆಯಿತು. ಈ ಕೇಂದ್ರದಲ್ಲಿ ಕಲಿತವರು ನಾಡಿನ ಉದ್ದಗಲಕ್ಕೆ ಹರಡಿದ್ದಾರೆ. ಕೆಲವರು ಮೈಸೂರಿನ ನಾಟಕ ಸಂಸ್ಥೆ ರಂಗಾಯಣಕ್ಕೆ ಹೋದರು. ಕೆಲವರು ಸಿನಿಮಾಕ್ಕೆ ಹೋದರು. ಎಷ್ಟೋ ಮಂದಿ ಮೇಷ್ಟರುಗಳಾಗಿ, ಸಣ್ಣ ತಂಡಗಳ ಸಂಘಟಕರಾಗಿ, ಹೆಸರಿಲ್ಲದೆ ಕೆಲಸ ಮಾಡುತ್ತಿದ್ದಾರೆ. ನನ್ನ ಮಟ್ಟಿಗೆ, ಈ ಕೊನೆಯ ಗುಂಪೇ ಸುಬ್ಬಣ್ಣನವರ ಅತಿ ದೊಡ್ಡ ಗಳಿಕೆ. ಈ ಗುಂಪಿನವರು ಕಲಿಸಿದ ಒಂದೊಂದು ಶಾಲಾ ನಾಟಕದಿಂದಲೂ ನೂರು ಹೊಸ ಪ್ರೇಕ್ಷಕರು ಹುಟ್ಟುತ್ತಾರೆ.

ಸ್ವಲ್ಪ ನಿಂತು ಹಿಂತಿರುಗಿ ನೋಡೋಣ. ಮೊದಲು ಪುಸ್ತಕ. ಆಮೇಲೆ ಸಿನಿಮಾ. ಆಮೇಲೆ ರಂಗಮಂದಿರ, ರಂಗಶಾಲೆ. ಇದುವರೆಗೂ ಜನ ಹೆಗ್ಗೋಡಿಗೆ ಬರಬೇಕಿತ್ತು. ಬರಲಾಗದವರ ಗತಿ ಏನು? ಅವರಿದ್ದಲ್ಲಿಗೆ ಹೋಗಬೇಕು. ಇದು ನಾಲ್ಕನೆಯ ಕೆಲಸ. ಎಂಬತ್ತರ ದಶಕದ ಮೊದಲರ್ಧದಲ್ಲಿ ಅದು ಎರಡು ದಾರಿ ಹಿಡಿಯಿತು.

ಒಂದು ದಾರಿಯ ಹೆಸರು ಜನಸ್ಪಂದನ. ಫೋರ್ಡ್ ಪ್ರತಿಷ್ಠಾನದ ನೆರವು ಇದಕ್ಕೆ ಸಿಕ್ಕಿತ್ತು. ನೀನಾಸಂ ತಂಡದವರು ಕರ್ನಾಟಕದ ದೂರದೂರದ ಊರುಗಳಿಗೆ ಹೋದರು. ಅಲ್ಲಿ ಬಿಡಾರ ಮಾಡಿದರು. ಒಳ್ಳೆಯ ಚಿತ್ರಗಳನ್ನು ತೋರಿಸಿದರು. ಆ ಊರಿನವರನ್ನೇ ಕೂಡಿಸಿಕೊಂಡು ನಾಟಕ ಕಟ್ಟಿದರು.

ಅದರಲ್ಲಿ ಒಂದು ಪ್ರಯೋಗವನ್ನು ನಿಮಗೆ ಹೇಳಲೇಬೇಕು. ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ ತಾಲ್ಲೂಕಿನಲ್ಲಿ ಮಂಚಿಕೇರಿ ಎಂಬ ಊರಿದೆ. ಅದರ ಸುತ್ತಿನ ಕಾಡಿನಲ್ಲಿ ಸಿದ್ದಿ ಜನರು ಬಾಳುತ್ತಾರೆ. ಶತಮಾನಗಳ ಹಿಂದೆ ಅವರ ಪೂರ್ವಿಕರನ್ನು ಆಫ್ರಿಕಾದಿಂದ ಹಡಗಿನಲ್ಲಿ ತಂದರು. ಹೆಚ್ಚಿನವರನ್ನು ತಂದದ್ದು ಗುಲಾಮರಾಗಿ. ತಪ್ಪಿಸಿಕೊಂಡವರು, ಬಿಡುಗಡೆಯಾದವರು ಕಾಡು ಸೇರಿದರು. ಇಂದು ಅವರು ಕನ್ನಡ, ಕೊಂಕಣಿ ಮಾತಾಡುತ್ತಾರೆ. ಆಫ್ರಿಕಾದ ಭಾಷೆ ಮರೆತುಹೋಗಿದೆ. ಆದರೆ ಅವರಿಗೆ ತಮ್ಮದೇ ಕುಣಿತವಿದೆ, ಡಮಾಮಿ ಎಂಬ ತಮ್ಮದೇ ವಾದ್ಯವಿದೆ.

ನೀನಾಸಂ ಈ ಸಿದ್ದಿ ಜನರ ಜೊತೆ ಒಂದು ನಾಟಕ ಕಟ್ಟಿತು. ನಿರ್ದೇಶನ ಜಂಬೆ ಅವರದು. ಆರಿಸಿಕೊಂಡ ಕಥೆ ನೈಜೀರಿಯಾದ ಚಿನುವಾ ಅಚಿಬೆಯ ಕಾದಂಬರಿ. ಬಿಳಿಯರ ಆಳ್ವಿಕೆ ಬಂದಾಗ ಒಂದು ಆಫ್ರಿಕನ್ ಹಳ್ಳಿಯ ಬಾಳು ಹೇಗೆ ಒಡೆದುಹೋಯಿತು ಎಂಬ ಕಥೆ ಅದು. ಕನ್ನಡದಲ್ಲಿ ಅದು 'ಕಪ್ಪು ಜನ ಕೆಂಪು ನೆರಳು' ಎಂಬ ನಾಟಕವಾಯಿತು.

ಕೇಳುಗರೇ, ಒಂದು ಕ್ಷಣ ಯೋಚಿಸಿ. ಅದುವರೆಗೆ ಆ ಜನರನ್ನು ಪೇಟೆಯಲ್ಲಿ ಎಲ್ಲರೂ ಕಣ್ಣರಳಿಸಿ ನೋಡುತ್ತಿದ್ದರು. ಅವರ ಗುಂಗುರು ಕೂದಲು ನೋಡುತ್ತಿದ್ದರು, ಮೈಬಣ್ಣ ನೋಡುತ್ತಿದ್ದರು. ಆ ನೋಟದಲ್ಲಿ ಗೌರವ ಇರಲಿಲ್ಲ. ಈಗ ಅವರೇ ರಂಗದ ಮೇಲೆ ನಿಂತರು. ಕಳೆದುಹೋದ ತಮ್ಮ ಖಂಡದ ಕಥೆಯನ್ನು ತಮ್ಮ ಕನ್ನಡದಲ್ಲಿ ಹೇಳಿದರು. ಎದುರಿಗೆ ಕೂತವರು ಅದೇ ಜನರನ್ನು ಬೇರೆ ಕಣ್ಣಿನಿಂದ ನೋಡಬೇಕಾಯಿತು. ಪ್ರೇಕ್ಷಕರನ್ನು ಬೆಳೆಸುವುದು ಎಂದರೆ ಇದು. ಒಬ್ಬ ಮನುಷ್ಯ ಇನ್ನೊಬ್ಬ ಮನುಷ್ಯನನ್ನು ನೋಡುವ ರೀತಿಯೇ ಬದಲಾಗಬೇಕು. ಮುಂದೆ ಸಿದ್ದಿ ಸಮುದಾಯದ ಯುವಕ ಯುವತಿಯರು ನೀನಾಸಂ ಶಾಲೆಗೆ ಬಂದು ಕಲಿತರು, ನಟನಟಿಯರಾಗಿ ಹೆಸರು ಮಾಡಿದರು.

ಇದು ಒಂದು ದಾರಿ. ಇನ್ನೊಂದು ದಾರಿ ತಿರುಗಾಟ. ಮಳೆಗಾಲ ಕಳೆದ ಮೇಲೆ ಯಕ್ಷಗಾನ ಮೇಳಗಳು ಊರೂರು ಸುತ್ತುವುದಕ್ಕೆ ನಮ್ಮ ಕಡೆ ತಿರುಗಾಟ ಎನ್ನುತ್ತಾರೆ. 1985ರಲ್ಲಿ ಸುಬ್ಬಣ್ಣನವರು ಅದೇ ಹೆಸರನ್ನು ಆಧುನಿಕ ನಾಟಕದ ಸಂಚಾರಿ ತಂಡಕ್ಕೆ ಇಟ್ಟರು. ರಂಗಶಾಲೆಯಲ್ಲಿ ಕಲಿತವರೇ ಹೆಚ್ಚಾಗಿ ಇದರ ನಟರು. ಮಳೆಗಾಲದಲ್ಲಿ ತಾಲೀಮು. ಅಕ್ಟೋಬರ್ ಹೊತ್ತಿಗೆ ಮೊದಲ ಪ್ರದರ್ಶನ. ಆಮೇಲೆ ತಿಂಗಳುಗಟ್ಟಲೆ ಪಯಣ. ಒಂದು ವಾಹನದಲ್ಲಿ ಪರದೆ, ದೀಪ, ವೇಷ, ಪಾತ್ರೆಪಗಡಿ. ಬೆಳಗ್ಗೆ ಒಂದು ಊರು ತಲುಪುವುದು. ಮಧ್ಯಾಹ್ನ ರಂಗ ಕಟ್ಟುವುದು. ರಾತ್ರಿ ಆಟ. ಆಟ ಮುಗಿದ ಮೇಲೆ ಎಲ್ಲವನ್ನೂ ಬಿಚ್ಚಿ ಗಾಡಿಗೆ ಏರಿಸುವುದು. ಒಂದು ವರ್ಷಕ್ಕೆ ನೂರಕ್ಕೂ ಮಿಕ್ಕಿ ಪ್ರದರ್ಶನ.

ಆಯಾ ಊರಿನ ಸಂಘಟಕರು ಊಟ ವಸತಿ ನೋಡಿಕೊಳ್ಳುತ್ತಾರೆ, ಟಿಕೆಟು ಮಾರುತ್ತಾರೆ. ಮೇಲ್ನೋಟಕ್ಕೆ ಇದು ಹಣಕಾಸಿನ ಏರ್ಪಾಟು. ಒಳಗೆ ಹೊಕ್ಕು ನೋಡಿದರೆ ಇದೂ ಶಿಕ್ಷಣವೇ. ನಾಟಕ ತರಿಸುವುದಕ್ಕಾಗಿ ಒಂದು ಊರಿನ ಹತ್ತು ಜನ ಕೂಡಬೇಕು, ಮನೆಮನೆಗೆ ಹೋಗಬೇಕು, ಯಾಕೆ ನೋಡಬೇಕು ಎಂದು ಹೇಳಬೇಕು. ಹೀಗೆ ಹೇಳುತ್ತ ಹೇಳುತ್ತ ಆ ಹತ್ತು ಜನ ತಾವೇ ಬೆಳೆಯುತ್ತಾರೆ.

ನಾನು ಮೊದಲು ತಿರುಗಾಟದ ನಾಟಕ ನೋಡಿದ್ದು ಹೈಸ್ಕೂಲು ಹುಡುಗನಾಗಿದ್ದಾಗ, ನಮ್ಮ ಪೇಟೆಯ ಶಾಲಾ ಮೈದಾನದಲ್ಲಿ. ಅದು ಶೇಕ್ಸ್‌ಪಿಯರನ ನಾಟಕವೆಂಬುದು ಆಮೇಲೆ ತಿಳಿಯಿತು. ಮುಂದಿನ ಸಾಲಿನಲ್ಲಿ ನೆಲದ ಮೇಲೆ ಕೂತಿದ್ದೆ. ನಟರ ಕಾಲಿನ ಧೂಳು ನಮ್ಮ ಮೇಲೆ ಬೀಳುತ್ತಿತ್ತು. ಮರುದಿನ ಬೆಳಗ್ಗೆ ಹಾಲು ತರಲು ಹೋಟೆಲಿಗೆ ಹೋದರೆ ಅಲ್ಲಿ ಇಬ್ಬರು ಹಮಾಲರು ವಾದ ಮಾಡುತ್ತಿದ್ದರು. ಆ ರಾಜ ಮಾಡಿದ್ದು ಸರಿಯೋ ತಪ್ಪೋ ಎಂದು ಒಬ್ಬರಿಗೊಬ್ಬರು ಕೇಳುತ್ತಿದ್ದರು. ಇಂಗ್ಲೆಂಡಿನ ಕವಿ ಎಂಬ ಭಯವಾಗಲಿ, ಭಕ್ತಿಯಾಗಲಿ ಆ ಮಾತಿನಲ್ಲಿ ಇರಲಿಲ್ಲ. ಪಕ್ಕದ ಮನೆಯ ಜಗಳದ ಹಾಗೆ ಅವರು ಅದನ್ನು ತೂಗುತ್ತಿದ್ದರು. ಹಾಲು ಆರುವ ತನಕ ನಾನು ಕೇಳುತ್ತ ನಿಂತಿದ್ದೆ. ಕೊಳಗ ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ಆ ಇಬ್ಬರು ನೆನಪಾಗುತ್ತಾರೆ.

ಈಗ ಐದನೆಯ ಕೆಲಸ, ಕೊನೆಯದು. ಪುಸ್ತಕ, ಸಿನಿಮಾ, ರಂಗಶಾಲೆ, ತಿರುಗಾಟ, ಈ ನಾಲ್ಕೂ ಒಂದೆಡೆ ಕೂಡುವ ಜಾಗವದು. ಅದರ ಹೆಸರು ಸಂಸ್ಕೃತಿ ಶಿಬಿರ.

ಸಿನಿಮಾ ನೋಡುವುದನ್ನು ಕಲಿಸುವ ಶಿಬಿರ ಹೆಗ್ಗೋಡಿನಲ್ಲಿ ವರ್ಷವರ್ಷವೂ ನಡೆಯುತ್ತಿತ್ತು. ಅದೇ ಬೆಳೆದು ತೊಂಬತ್ತರ ದಶಕದ ಹೊತ್ತಿಗೆ ಸಂಸ್ಕೃತಿ ಶಿಬಿರವಾಯಿತು. ಅಕ್ಟೋಬರ್ ತಿಂಗಳಲ್ಲಿ ಸುಮಾರು ಒಂದು ವಾರ. ನಾಡಿನ ಮೂಲೆಮೂಲೆಯಿಂದ ಮೇಷ್ಟರು, ರೈತರು, ಗೃಹಿಣಿಯರು, ಗುಮಾಸ್ತರು, ವಿದ್ಯಾರ್ಥಿಗಳು ಬರುತ್ತಿದ್ದರು. ಕಾದಂಬರಿಕಾರ ಯು.ಆರ್. ಅನಂತಮೂರ್ತಿ, ವಿಮರ್ಶಕ ಡಿ.ಆರ್. ನಾಗರಾಜ್ ಅವರಂಥವರು ಅಲ್ಲಿ ಮಾತಾಡಿದ್ದಾರೆ. ಹಗಲೆಲ್ಲ ವಿಚಾರ. ಸಂಜೆ ನಾಟಕ.

ಈ ಶಿಬಿರದಲ್ಲಿ ನನಗೆ ಬಹಳ ಮುಖ್ಯವಾಗಿ ಕಾಣುವುದು ಒಂದು ಪದ್ಧತಿ. ಸಂಜೆ ನೋಡಿದ ನಾಟಕದ ಬಗ್ಗೆ ಮರುದಿನ ಬೆಳಗ್ಗೆ ಚರ್ಚೆ. ರಾತ್ರಿ ಮಲಗಿ, ಎದ್ದು, ತಿಂಡಿ ತಿಂದು, ಮತ್ತೆ ಕೂಡಿ ಮಾತಾಡುವುದು. ನಾಟಕ ಮುಗಿದ ಕೂಡಲೇ ಬರುವ ಮಾತು ಬಿಸಿ ಮಾತು. ಒಂದು ರಾತ್ರಿ ಕಳೆದ ಮೇಲೆ ಬರುವ ಮಾತು ಬೇರೆ. ಹಸಿ ಅಡಿಕೆಗೂ ಒಣಗಿಸಿದ ಅಡಿಕೆಗೂ ಇರುವ ವ್ಯತ್ಯಾಸ ಅಡಿಕೆ ಬೆಳೆಗಾರರಿಗೆ ಗೊತ್ತು. ಅಲ್ಲಿ ಪ್ರಾಧ್ಯಾಪಕರೂ ಎದ್ದು ಮಾತಾಡಬಹುದಿತ್ತು, ಮೊದಲ ಬಾರಿ ನಾಟಕ ನೋಡಿದವರೂ ಮಾತಾಡಬಹುದಿತ್ತು. ಎರಡೂ ಮಾತಿಗೆ ಒಂದೇ ಕಿವಿ.

ಕೇಳುಗರೇ, ಐದೂ ಕೆಲಸಗಳನ್ನು ಈಗ ಒಟ್ಟಿಗೆ ಇಟ್ಟು ನೋಡಿ. ಪುಸ್ತಕ ಓದಿಗೆ. ಸಿನಿಮಾ ಕಣ್ಣಿಗೆ. ರಂಗಶಾಲೆ ಕಸುಬಿಗೆ. ಜನಸ್ಪಂದನ, ತಿರುಗಾಟ ದೂರವಿದ್ದವರನ್ನು ಮುಟ್ಟಲಿಕ್ಕೆ. ಶಿಬಿರ ಮಾತಿಗೆ. ಎಲ್ಲದರ ನಡುವೆ ಕೂತಿರುವವರು ಒಬ್ಬರೇ. ಅವರು ನೋಡುಗರು.

ಸುಬ್ಬಣ್ಣನವರಿಗೆ ಇಷ್ಟು ನಂಬಿಕೆ ಎಲ್ಲಿಂದ ಬಂತು? ಒಂದು ಉತ್ತರ ಅವರ ಬರಹದಲ್ಲೇ ಇದೆ. ಬಾಳಿನ ಕೊನೆಯ ವರ್ಷಗಳಲ್ಲಿ ಅವರು 'ಕವಿರಾಜಮಾರ್ಗ'ವನ್ನು ಮತ್ತೆ ಮತ್ತೆ ಓದಿದರು. ಒಂಬತ್ತನೆಯ ಶತಮಾನದಲ್ಲಿ, ರಾಜ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಗ್ರಂಥ ಅದು. ನಮಗೆ ಸಿಕ್ಕಿರುವ ಕನ್ನಡ ಗ್ರಂಥಗಳಲ್ಲಿ ಅದೇ ಮೊದಲನೆಯದು. ಅದರಲ್ಲಿ ಕನ್ನಡ ನಾಡಿನ ಎಲ್ಲೆ ಹೇಳಿದ್ದಾರೆ, ಕಾವೇರಿಯಿಂದ ಗೋದಾವರಿಯ ತನಕ. ಆಮೇಲೆ ಆ ನಾಡಿನ ಜನರನ್ನು ಹೊಗಳಿದ್ದಾರೆ. ಓದು ಕಲಿಯದೆಯೂ ಕಾವ್ಯದ ಮರ್ಮ ಬಲ್ಲವರು ಇವರು ಎಂಬ ಭಾವದ ಹೊಗಳಿಕೆ ಅದು. ಕವಿಗಳನ್ನು ಹೊಗಳುವ ಗ್ರಂಥಗಳು ಬೇಕಾದಷ್ಟಿವೆ. ಕೇಳುಗರನ್ನು ಹೊಗಳಿ ಒಂದು ಸಾಹಿತ್ಯ ಶುರುವಾಗುವುದು ಎಂಥ ಭಾಗ್ಯ! ಸುಬ್ಬಣ್ಣನವರ 'ಕವಿರಾಜಮಾರ್ಗ ಮತ್ತು ಕನ್ನಡ ಜಗತ್ತು' ಎಂಬ ಪುಸ್ತಕಕ್ಕೆ 2003ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಸುಮಾರು ಸಾವಿರದ ಇನ್ನೂರು ವರ್ಷ ಹಿಂದಿನ ಆ ಹೊಗಳಿಕೆ ನಿಜವೆಂದು ನಂಬಿ ಇಡೀ ಬಾಳು ಕೆಲಸ ಮಾಡಿದವರು ಅವರು.

ಅದಕ್ಕೂ ಮುಂಚೆ, 1991ರಲ್ಲಿ, ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತ್ತು. ಗ್ರಾಮೀಣ ಕರ್ನಾಟಕಕ್ಕೆ ಜಗತ್ತಿನ ಉತ್ತಮ ಸಿನಿಮಾ ಮತ್ತು ರಂಗಭೂಮಿಯ ಆನಂದ ತಂದುಕೊಟ್ಟದ್ದಕ್ಕಾಗಿ ಆ ಗೌರವ. ಏಷ್ಯಾ ಖಂಡವೇ ಹೆಗ್ಗೋಡಿನ ಕಡೆ ತಿರುಗಿ ನೋಡಿತು. 2005ರ ಜುಲೈ ತಿಂಗಳಲ್ಲಿ, ಮಳೆಗಾಲದ ನಡುವೆ, ಸುಬ್ಬಣ್ಣನವರು ತೀರಿಕೊಂಡರು. ಆ ವರ್ಷವೂ ತಿರುಗಾಟ ಹೊರಟಿತು. ಮಗ ಕೆ.ವಿ. ಅಕ್ಷರ ಮತ್ತು ಒಡನಾಡಿಗಳು ಕೆಲಸವನ್ನು ಮುಂದುವರಿಸಿದರು.

ಈ ಮಾತುಗಳನ್ನು ನೀವು ಎಲ್ಲೆಲ್ಲೋ ಕೂತು ಕೇಳುತ್ತಿದ್ದೀರಿ. ಅಡುಗೆಮನೆಯಲ್ಲಿ, ತೋಟದ ಮನೆಯಲ್ಲಿ, ಅಂಗಡಿಯ ಗಲ್ಲಾದ ಮುಂದೆ. ಇವತ್ತು ಜಗತ್ತಿನ ಎಲ್ಲ ಸಿನಿಮಾ, ಎಲ್ಲ ನಾಟಕ ಕೈಯೊಳಗಿನ ಫೋನಿಗೇ ಬರುತ್ತದೆ. ರೀಲಿನ ಡಬ್ಬಿಗೆ ಕಾಯಬೇಕಿಲ್ಲ. ಆದರೆ ನೋಡಿದ್ದನ್ನು ಕುರಿತು ಮರುದಿನ ಬೆಳಗ್ಗೆ ಕೂಡಿ ಮಾತಾಡುವ ನಾಲ್ಕು ಜನ? ಅವರನ್ನು ಯಾವ ಫೋನೂ ತಂದುಕೊಡುವುದಿಲ್ಲ. ಅವರನ್ನು ನಾವೇ ಕೂಡಿಸಬೇಕು.

ಹಾಗಾಗಿ ನನ್ನದೊಂದು ಕೋರಿಕೆ. ಈ ಚಳಿಗಾಲದಲ್ಲಿ ನಿಮ್ಮ ಊರಿಗೋ ಪಕ್ಕದ ಊರಿಗೋ ಒಂದು ನಾಟಕ ಬರಬಹುದು. ಬರದಿದ್ದರೆ ಹತ್ತು ಜನ ಸೇರಿ ಕರೆಸಿ. ಹೋಗಿ ನೋಡಿ. ಮನೆಯವರನ್ನೂ ಕರೆದುಕೊಂಡು ಹೋಗಿ. ರಾತ್ರಿ ಮಲಗಿ. ಬೆಳಗ್ಗೆ ಎದ್ದು, ಕಾಫಿ ಲೋಟ ಕೈಯಲ್ಲಿ ಹಿಡಿದು, ಪಕ್ಕದಲ್ಲಿರುವವರನ್ನು ಕೇಳಿ. ನಿನ್ನೆ ನೋಡಿದೆವಲ್ಲ, ಅವನು ಮಾಡಿದ್ದು ಸರಿಯೇ?